ಕಸೂತಿ ಚೀಲ, ಮಕ್ಕಳ ಕುಲಾವಿ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವಳು. ಮದುವೆಯಾಗಿ ಬೆಂಗಳೂರಿಗೆ ಬಂದು 22 ವರ್ಷ ಆಯಿತು. ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಕಸೂತಿ ಹಾಕುತ್ತೇನೆ. ಜೊತೆಗೆ ಇನ್ನೂ ಐದು ಜನ ಹೆಂಗಸರಿದ್ದಾರೆ. ಚೀಲ, ದುಪಟ್ಟಾ, ರವಿಕೆ ಖಣ, ಗೋಡೆಗೆ ಹಾಕುವ ಫ್ರೇಮು, ಪುಸ್ತಕದಲ್ಲಿ ಗುರುತಿಗೆ ಇಡುವ ಪಟ್ಟಿ, ಇವನ್ನೆಲ್ಲ ಮಾಡಿ ಮಾರುತ್ತೇವೆ. ಕೂಲಿ, ಖರ್ಚು ಕಳೆದು ಉಳಿದ ಹಣದಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಹತ್ತಿಯ ಕುಲಾವಿ ಮಾಡಿ ಕೊಡುತ್ತೇವೆ. ಫೋನಿನಲ್ಲಿ, ಮೆಸೇಜಿನಲ್ಲಿ, ಮಳಿಗೆ ಹಾಕಿದಾಗ ಎದುರಿಗೆ ನಿಂತು ನೀವು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಕುಲಾವಿ ಅಂದರೆ ಏನು?

ಎಳೆಯ ಮಕ್ಕಳ ತಲೆಗೆ ಹಾಕುವ ಬಟ್ಟೆ ಟೋಪಿ. ಉತ್ತರ ಕರ್ನಾಟಕದ ಕಡೆ ಮಗು ಹುಟ್ಟಿದ ಮನೆಯಲ್ಲಿ ಕುಲಾವಿ, ಕುಂಚಿಗೆ ಎರಡೂ ಇರುತ್ತಿದ್ದವು. ಕುಲಾವಿ ತಲೆಗೆ ಮಾತ್ರ. ಕುಂಚಿಗೆ ತಲೆಯಿಂದ ಬೆನ್ನಿನ ಮೇಲೂ ಇಳಿಯುತ್ತದೆ. ತೊಟ್ಟಿಲಿಗೆ ಹಾಕುವ ದಿನಕ್ಕೆ ಅಜ್ಜಿಯೋ ಸೋದರತ್ತೆಯೋ ಮೊದಲೇ ಹೊಲಿದು, ಅದರ ಮೇಲೆ ಕಸೂತಿ ಹಾಕಿ ಇಡುತ್ತಿದ್ದರು. ನಾವು ಮಾಡುವುದು ಅದೇ ಕುಲಾವಿ. ಅಳತೆ ಮಾತ್ರ ದೊಡ್ಡದು, ಎರಡು ವರ್ಷದಿಂದ ಹದಿನೈದು ವರ್ಷದ ಮಕ್ಕಳಿಗೆ ಆಗುವ ಹಾಗೆ.

ಇದು ಶುರುವಾಗಿದ್ದು ಹೇಗೆ?

ನನ್ನ ತಂಗಿಯ ಮಗನಿಗೆ ಆರು ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ ಕಾಣಿಸುವುದು ಅಂತ ಡಾಕ್ಟರು ಹೇಳಿದರು. ಚಿಕಿತ್ಸೆಗೆ ಬೆಂಗಳೂರಿಗೆ ಬಂದರು. ತಾಯಿ ಮಗ ಇಬ್ಬರೂ ಎಂಟು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಕೀಮೋ ಶುರುವಾಗಿ ಮೂರನೇ ವಾರಕ್ಕೆ ಕೂದಲು ಉದುರತೊಡಗಿತು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆಲ್ಲ ಕೂದಲು. ಅಂಗಡಿಯಿಂದ ಟೋಪಿ ತಂದೆವು. ಉಣ್ಣೆಯದು ಹಾಕಿದರೆ ಏಪ್ರಿಲ್ ಬಿಸಿಲಿಗೆ ಬೆವರು. ಪಾಲಿಯೆಸ್ಟರ್‌ದು ಹಾಕಿದರೆ ಒಳಗಿನ ಹೊಲಿಗೆ ಚುಚ್ಚುತ್ತಿತ್ತು. ಬೋಳು ತಲೆಯ ಚರ್ಮ ಬಹಳ ಮೆತ್ತಗೆ ಆಗಿರುತ್ತದೆ, ಒಂದು ಸಣ್ಣ ಲೇಬಲ್ ತಾಗಿದರೂ ಕೆಂಪಾಗುತ್ತದೆ. ಹಾಕಿದ ಐದು ನಿಮಿಷಕ್ಕೆ ಕಿತ್ತು ಎಸೆಯುತ್ತಿದ್ದ.

ಆಗ ನನಗೆ ಟ್ರಂಕಿನಲ್ಲಿದ್ದ ನನ್ನ ಮಗಳ ಕುಲಾವಿ ನೆನಪಾಯಿತು. ನಮ್ಮ ಆಯಿ ಹಾಕಿಕೊಟ್ಟಿದ್ದು. ತೆಗೆದು ಒಳಗಡೆ ಬೆರಳಾಡಿಸಿ ನೋಡಿದೆ. ಒಂದು ಗಂಟಿಲ್ಲ, ತೊಡಕಿಲ್ಲ. ಹೊರಗೆ ಹೇಗೋ ಒಳಗೂ ಹಾಗೇ. ಅದೇ ಕ್ರಮದಲ್ಲಿ ಅವನ ತಲೆ ಅಳತೆಗೆ ಒಂದು ಹೊಲಿದೆ, ಮುಂದೆ ಹಣೆಯ ಪಟ್ಟಿಯಲ್ಲಿ ಸಾಲಾಗಿ ಆನೆ ಹಾಕಿದೆ. ಅವನು ಅದನ್ನು ಎರಡು ಸಲ ಒಳಗೆ ಹೊರಗೆ ಮಾಡಿ ನೋಡಿ, "ದೊಡ್ಡವ್ವಾ, ಇದರಾಗ ಉಲ್ಟಾ ಯಾವ್ದು?" ಅಂತ ಕೇಳಿದ. ಆಮೇಲೆ ತಲೆಗೆ ಹಾಕಿಕೊಂಡವನು ರಾತ್ರಿಯೂ ತೆಗೆಯಲಿಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹುಡುಗಿಯ ಅಮ್ಮ ನೋಡಿ, "ನಮ್ಮ ಪಾಪುಗೂ ಒಂದು ಮಾಡಿಕೊಡ್ತೀರಾ ಅಕ್ಕಾ?" ಅಂದರು. ಅವರು ಕೊಪ್ಪಳದ ಕಡೆಯವರು. ಹಾಗೆ ಒಂದಾದ ಮೇಲೆ ಒಂದು. ಈಗ ಅವನು ಹೈಸ್ಕೂಲಿನಲ್ಲಿದ್ದಾನೆ. ತಲೆ ತುಂಬ ಕೂದಲಿದೆ.

ಕಸೂತಿ ಎರಡೂ ಬದಿ ಒಂದೇ ಥರ ಕಾಣುವುದು ಹೇಗೆ?

ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕೆಲಸದ ಜೀವ ಇರುವುದೇ ಇಲ್ಲಿ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿ ಹಾಕುತ್ತಾರೆ. ಒಂದು ನೇರ ಗೆರೆ ಹಾಕಬೇಕು ಅಂದುಕೊಳ್ಳಿ. ನಾಲ್ಕು ಎಳೆ ಬಿಟ್ಟು ಸೂಜಿ ಕೆಳಗೆ, ಮತ್ತೆ ನಾಲ್ಕು ಎಳೆ ಬಿಟ್ಟು ಮೇಲೆ. ಹೀಗೆ ಕೊನೆಯ ತನಕ ಹೋಗಬೇಕು. ಆಗ ಮೇಲುಗಡೆ ಒಂದು ಹೊಲಿಗೆ, ಒಂದು ಖಾಲಿ, ಮತ್ತೆ ಒಂದು ಹೊಲಿಗೆ, ಒಂದು ಖಾಲಿ. ಮೇಲೆ ಖಾಲಿ ಇದ್ದಲ್ಲಿ ಕೆಳಗೆ ಹೊಲಿಗೆ ಇರುತ್ತದೆ. ಈಗ ಅದೇ ದಾರಿಯಲ್ಲಿ ವಾಪಸ್ ಬರಬೇಕು, ಅದೇ ತೂತುಗಳಲ್ಲಿ. ಬರುವಾಗ ಮೇಲಿನ ಖಾಲಿ ತುಂಬುತ್ತದೆ, ಕೆಳಗಿನ ಖಾಲಿಯೂ ತುಂಬುತ್ತದೆ. ಹೊರಟ ಜಾಗಕ್ಕೆ ಬಂದು ಮುಟ್ಟಿದಾಗ ಎರಡೂ ಕಡೆ ಒಂದೇ ಗೆರೆ. ಇದಕ್ಕೆ ಗವಂತಿ ಅಂತ ಹೆಸರು.

ಒಂದು ಗೆರೆ ಆದರೆ ಸುಲಭ. ಗೋಪುರ ಅಂದರೆ ಹತ್ತಾರು ಕವಲು. ಪ್ರತಿ ಕವಲಿಗೂ ತುದಿ ತನಕ ಹೋಗಿ, ತಿರುಗಿ ಬಂದು, ಆಮೇಲೆ ಮುಂದಕ್ಕೆ ಹೋಗಬೇಕು. ಒಂದು ಓಣಿ ಬಿಟ್ಟರೂ ಹಿಂದೆ ಖಾಲಿ ಉಳಿಯುತ್ತದೆ. ಒಂದೇ ಒಂದು ಎಳೆ ಎಣಿಕೆ ತಪ್ಪಿದರೆ ಗೋಪುರದ ಎರಡು ಪಕ್ಕ ಮೇಲೆ ಹೋಗಿ ಕೂಡುವುದಿಲ್ಲ. ಬಿಚ್ಚಬೇಕು, ಬೇರೆ ದಾರಿ ಇಲ್ಲ. ನಮ್ಮ ಆಯಿ ಮೇಲಿನ ಚಿತ್ರ ನೋಡುತ್ತಲೇ ಇರಲಿಲ್ಲ. "ಹೊಳ್ಳಿಸಿ ತೋರ್ಸವಾ" ಅನ್ನುತ್ತಿದ್ದಳು. ಹಿಂಬದಿ ನೋಡಿಯೇ ಸರಿ, ತಪ್ಪು ಹೇಳುತ್ತಿದ್ದಳು.

ಎರಡನೆಯದು ಮುರಗಿ. ಇದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಇದೂ ಎರಡೂ ಕಡೆ ಒಂದೇ ಥರ. ಇನ್ನೆರಡು ನೇಗಿ ಮತ್ತು ಮೆಂತಿ. ನೇಗಿ ನೋಡಲು ಮಗ್ಗದಲ್ಲೇ ನೇಯ್ದ ಹಾಗೆ ಇರುತ್ತದೆ. ಮೆಂತಿ ಅಡ್ಡಗುಣಿಸಿನ ಹೊಲಿಗೆ, ಮೆಂತ್ಯದ ಕಾಳು ಹರಡಿದ ಹಾಗೆ ಒತ್ತೊತ್ತಾಗಿ ಕಾಣುತ್ತದೆ. ಇವೆರಡರ ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ನೇಗಿಯಲ್ಲಿ ಹಿಂದೆ ಉದ್ದ ದಾರ ತೇಲುತ್ತದೆ, ಮೆಂತಿಯಲ್ಲಿ ದಪ್ಪವಾಗುತ್ತದೆ. ಅದಕ್ಕೇ ಕುಲಾವಿಗೆ ನಾವು ಗವಂತಿ ಮತ್ತು ಮುರಗಿ ಮಾತ್ರ ಹಾಕುತ್ತೇವೆ. ಚೀಲ, ಫ್ರೇಮಿಗೆ ನಾಲ್ಕೂ ಹಾಕುತ್ತೇವೆ.

ಗಂಟು ಹಾಕದಿದ್ದರೆ ದಾರ ಬಿಚ್ಚಿಹೋಗುವುದಿಲ್ಲವೇ?

ಇಲ್ಲ. ಶುರು ಮಾಡುವಾಗ ಎರಡು ಇಂಚು ದಾರ ಬಿಟ್ಟುಕೊಳ್ಳುತ್ತೇವೆ. ವಾಪಸ್ ಬರುವಾಗ ಆ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಿಕೊಂಡು ಬರುತ್ತೇವೆ. ಹೋಗುವ ದಾರ, ಬರುವ ದಾರ ಎರಡೂ ಒಂದೇ ತೂತಿನಲ್ಲಿ ಬಿಗಿಯಾಗಿ ಕೂರುತ್ತವೆ. ನನ್ನ ಹತ್ತಿರ ಆಯಿಯ ಚಂದ್ರಕಾಳಿ ಸೀರೆ ಇದೆ, ಅವಳ ಮದುವೆಯದು. ಕಪ್ಪು ಸೀರೆಯ ಸೆರಗಿನ ತುಂಬ ಕೆಂಪು, ಕಿತ್ತಳೆ, ಬಿಳಿ, ಹಸಿರು ದಾರದ ಕಸೂತಿ. ಬಟ್ಟೆ ಅಲ್ಲಲ್ಲಿ ಜೀರ್ಣವಾಗಿದೆ. ಕಸೂತಿ ಹಾಕಿದ ಕಡೆ ಮಾತ್ರ ಗಟ್ಟಿಯಾಗಿದೆ.

ಯಾವ ಯಾವ ಚಿತ್ರ ಹಾಕುತ್ತೀರಿ? ಅವುಗಳಿಗೆ ಅರ್ಥ ಇದೆಯಾ?

ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ಗಿಳಿ, ಹಂಸ, ಬಸವಣ್ಣ, ಕಮಲ, ತೊಟ್ಟಿಲು, ರುದ್ರಾಕ್ಷಿ, ಶಂಖ, ಚಿಕ್ಕಿ ಅಂದರೆ ನಕ್ಷತ್ರ. ಹೆಂಗಸರು ದಿನಾ ಕಣ್ಣಿಂದ ಕಂಡಿದ್ದೇ ಕಸೂತಿಗೆ ಬಂದಿದೆ. ಬೆಳಿಗ್ಗೆ ನೀರು ಹಾಕುವ ತುಳಸಿಕಟ್ಟೆ, ಜಾತ್ರೆಯಲ್ಲಿ ಕಂಡ ತೇರು, ಹಿತ್ತಲಿನ ಗಿಳಿ. ಈ ಚಿತ್ರ ಮನೆಯಲ್ಲಿದ್ದರೆ ದುಡ್ಡು ಬರುತ್ತದೆ, ಆ ಚಿತ್ರ ಇದ್ದರೆ ದೃಷ್ಟಿ ತಾಗುವುದಿಲ್ಲ ಅಂತ ಹೇಳಿ ನಾವು ಮಾರುವುದಿಲ್ಲ. ತೊಟ್ಟಿಲನ್ನು ಬಸುರಿಯ ಸೀರೆಗೆ, ಮಗುವಿನ ಬಟ್ಟೆಗೆ ಹಾಕುವುದುಂಟು. ಅದರಲ್ಲಿ ಹಾರೈಕೆ ಇದೆ. ಹಾರೈಕೆ ಅಂತಲೇ ಹೇಳಿ ಕೊಡುತ್ತೇವೆ.

ಒಂದು ಮಾತು. ಎಳೆ ಎಣಿಸಿ ಹಾಕುವ ಕೆಲಸ ಆದ್ದರಿಂದ ಗೆರೆ ನೇರ, ಅಡ್ಡ, ಓರೆ ಮಾತ್ರ ಬರುತ್ತದೆ. ದುಂಡಗೆ ತಿರುಗಿಸಲು ಆಗುವುದಿಲ್ಲ. ನವಿಲಿನ ಕತ್ತೂ ಮೆಟ್ಟಿಲಾಗಿಯೇ ಬರಬೇಕು. "ಈ ಫೋಟೋದಲ್ಲಿರುವ ಹಾಗೇ ಬೇಕು" ಅಂತ ಬಳುಕುವ ಬಳ್ಳಿಯ ಚಿತ್ರ ಕಳಿಸಿದರೆ, ಅದು ಬೇರೆ ಹೊಲಿಗೆಯವರ ಕೆಲಸ.

ಕುಲಾವಿಯ ಮೇಲೆ ದೇವರ ಗುರುತು ಹಾಕುತ್ತೀರಾ?

ಹಾಕುವುದಿಲ್ಲ. ವಾರ್ಡಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳಿರುತ್ತಾರೆ. ಯಾವ ಕುಲಾವಿ ಯಾವ ಮಗುವಿನ ತಲೆಗೆ ಹೋಗುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ಆನೆ, ಗಿಳಿ, ನವಿಲು, ಚಿಕ್ಕಿ, ಹೂವು ಹಾಕುತ್ತೇವೆ. ಮಗು ಇಂಥದೇ ಬೇಕು ಅಂತ ಕೇಳಿದ್ದರೆ ಅದನ್ನೇ.

ಹಾಗೆ ಕೇಳಿ ಬಂದಿದ್ದೇ ಜೆಸಿಬಿ. ರಾಯಚೂರು ಕಡೆಯ ಒಬ್ಬ ಹುಡುಗ, ಐದು ವರ್ಷ. ಸಿಸ್ಟರ್ ಕೈಯಲ್ಲಿ ಹೇಳಿ ಕಳಿಸಿದ್ದ: ಆನೆ ಬೇಡ, ಜೆಸಿಬಿ ಬೇಕು. ನಮ್ಮಲ್ಲಿ ಯಾರೂ ಜೆಸಿಬಿಯನ್ನು ಅಷ್ಟು ಗಮನ ಇಟ್ಟು ನೋಡಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಪೈಪ್ ಹಾಕಲು ಅಗೆಯುತ್ತಿದ್ದರು, ಹೋಗಿ ನಿಂತು ನೋಡಿಕೊಂಡು ಬಂದೆ. ಚೌಕ ಹಾಳೆಯ ಪುಸ್ತಕದಲ್ಲಿ ನಾಲ್ಕು ಸಲ ಬರೆದೆ. ಅದರ ತೋಳು ಮುರಗಿಗೆ ಹೇಳಿ ಮಾಡಿಸಿದ ಹಾಗಿದೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ, ಮಂಡಿಯಂತೆ ಮಡಚಿ, ಕೆಳಗೆ ಇಳಿದು ಬಕೆಟ್ಟಿಗೆ ಬರುತ್ತದೆ. ಚಕ್ರ ದುಂಡಗೆ ಬರುವುದಿಲ್ಲವಲ್ಲ, ಎಂಟು ಮೂಲೆಯ ಚಕ್ರ ಮಾಡಿದೆ. ಹಳದಿ ದಾರ, ಕಪ್ಪು ದಾರ. ತೇರಿನ ಚಕ್ರಕ್ಕೆ ಆಯಿ ಹೇಳಿಕೊಟ್ಟ ಎಣಿಕೆಯೇ ಇಲ್ಲೂ ಉಪಯೋಗಕ್ಕೆ ಬಂತು. ಈಗ ಜೆಸಿಬಿ ನಮ್ಮ ನಮೂನೆ ಪುಸ್ತಕದಲ್ಲಿ ಗೋಪುರದ ಪಕ್ಕದ ಹಾಳೆಯಲ್ಲೇ ಇದೆ. ಆಮೇಲೆ ಆಟೋ, ಬಸ್ಸು, ಕ್ರಿಕೆಟ್ ಬ್ಯಾಟು, ಒಂದು ಮೇಕೆ ಮರಿ ಕೂಡ ಬಂದಿವೆ.

ಇಂಥದ್ದು ಮಾಡಿಕೊಡುವುದಿಲ್ಲ ಅಂತ ಏನಾದರೂ ಇದೆಯಾ?

ಇದೆ. ಗೋಪುರ, ತುಳಸಿಕಟ್ಟೆ, ತೇರು, ಲಿಂಗ, ಶಂಖ ಇವನ್ನು ಕಾಲೊರಸಿಗೆ, ಚಪ್ಪಲಿಗೆ, ಕೂರುವ ದಿಂಬಿಗೆ ಹಾಕುವುದಿಲ್ಲ. ಎಷ್ಟು ಕೊಟ್ಟರೂ ಹಾಕುವುದಿಲ್ಲ. ಕೂರುವ ದಿಂಬಿಗೆ ಹೂವು, ಚಿಕ್ಕಿ, ಮುರಗಿ ಅಂಚು ಚೆನ್ನಾಗಿ ಒಪ್ಪುತ್ತದೆ, ಅದನ್ನು ಮಾಡಿಕೊಡುತ್ತೇವೆ.

ಒಂದು ಚೀಲಕ್ಕೆ 1,600 ರೂಪಾಯಿ ಜಾಸ್ತಿ ಆಯಿತಲ್ವಾ?

ಈ ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ನೋಡಿ.

ಗೋಪುರದ ಕಸೂತಿ ಇರುವ ಭುಜದ ಚೀಲಕ್ಕೆ ಬಟ್ಟೆ, ದಾರ, ಒಳವಸ್ತ್ರ ಸೇರಿ 300 ರೂಪಾಯಿ. ಹೊಲಿದುಕೊಡುವ ಟೇಲರ್‌ಗೆ 150. ಕಸೂತಿ ಹಾಕಲು ಎಂಟು ಗಂಟೆ, ಗಂಟೆಗೆ ನೂರರಂತೆ 800. ಪ್ಯಾಕಿಂಗ್ ಮತ್ತು ಸ್ಪೀಡ್ ಪೋಸ್ಟಿಗೆ 90. ಎಲ್ಲ ಸೇರಿ 1,340. ಉಳಿದ 260 ಕುಲಾವಿ ಡಬ್ಬಕ್ಕೆ ಹೋಗುತ್ತದೆ. ಒಂದು ಕುಲಾವಿಗೆ ಬಟ್ಟೆ, ದಾರ 60, ಹೊಲಿಗೆ 60, ನಾಲ್ಕು ಗಂಟೆಯ ಕಸೂತಿಗೆ 400, ಒಟ್ಟು 520. ಅಂದರೆ ಎರಡು ಚೀಲ ಮಾರಿದರೆ ಒಂದು ಕುಲಾವಿ.

"ಧರ್ಮಕ್ಕೆ ಮಾಡ್ತಿದ್ದೀರಿ, ಹೆಂಗಸರು ಕೂಲಿ ಕಡಿಮೆ ತಗೊಂಡರೆ ಇನ್ನೂ ನಾಲ್ಕು ಮಕ್ಕಳಿಗೆ ಕೊಡಬಹುದಲ್ವಾ?" ಅಂತ ಬಹಳ ಜನ ಕೇಳಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದಾರೆ. ಆದರೆ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಕಸೂತಿ ಹಾಕುವವರಲ್ಲಿ ಒಬ್ಬರು ಮನೆಗೆಲಸ ಮಾಡಿ ಬಂದು ಮಧ್ಯಾಹ್ನ ಕೂರುತ್ತಾರೆ. ಇನ್ನೊಬ್ಬರು ಗಂಡನನ್ನು ಕಳೆದುಕೊಂಡವರು, ಈ ದುಡ್ಡಿನಲ್ಲೇ ಮಗಳ ಕಾಲೇಜು ಫೀಸು. ಅವರ ಕಣ್ಣು, ಬೆನ್ನು ಸವೆಸಿ ಮಾಡಿದ ಕೆಲಸ ಅದು. ಬೇರೆಯವರ ಕೂಲಿ ಮುರಿದು ನಾನು ದಾನ ಮಾಡಿದೆ ಅಂತ ಹೇಳಿಕೊಳ್ಳಲು ನನಗೆ ಆಗುವುದಿಲ್ಲ. ಕುಲಾವಿಗೂ ಅವರಿಗೆ ಪೂರ್ತಿ ಕೂಲಿ ಕೊಡುತ್ತೇವೆ. ನಾನು ಮಾತ್ರ ಕುಲಾವಿಗೆ ಕೂಲಿ ತೆಗೆದುಕೊಳ್ಳುವುದಿಲ್ಲ. ನಮ್ಮ ಮನೆಯವರ ಸಂಬಳದಲ್ಲಿ ಸಂಸಾರ ನಡೆಯುತ್ತದೆ, ಹಾಗಾಗಿ ನನಗೆ ಅದು ಸಾಧ್ಯ.

ಚೌಕಾಸಿ ಮಾಡಬಹುದಾ?

ಬೇಡ. ಕಡಿಮೆ ಬೆಲೆಯದು ಬೇಕಿದ್ದರೆ ಪುಸ್ತಕದ ಪಟ್ಟಿ 250 ರೂಪಾಯಿಗೆ ಇದೆ. ಸಣ್ಣ ತುಳಸಿಕಟ್ಟೆಯೋ ಗಿಳಿಯೋ ಇರುತ್ತದೆ. ಅದೂ ಪೂರ್ತಿ ಕೈಯಲ್ಲೇ ಹಾಕಿದ್ದು.

ಕೊಂಡರೆ ತೆರಿಗೆ ರಿಯಾಯಿತಿ ಸಿಗುತ್ತದೆಯೇ?

ಇಲ್ಲ. ನೀವು ಕೊಡುವುದು ವಸ್ತುವಿನ ಬೆಲೆ, ಅದು ದೇಣಿಗೆ ಅಲ್ಲ. 80ಜಿ ಅಂತ ಜನ ಹೇಳುವ ರಿಯಾಯಿತಿ ನೋಂದಾಯಿತ ಟ್ರಸ್ಟುಗಳಿಗೆ ಕೊಟ್ಟ ದೇಣಿಗೆಗೆ ಸಿಗುವಂಥದ್ದು. ನಾವು ಟ್ರಸ್ಟ್ ಅಲ್ಲ, ಆರು ಜನ ಹೆಂಗಸರು. ಅದೇ ಕಾರಣಕ್ಕೆ ಸುಮ್ನೆ ಹಣ ಕಳಿಸುತ್ತೇವೆ ಅಂದರೂ ತೆಗೆದುಕೊಳ್ಳುವುದಿಲ್ಲ. ಹಣ ಕೊಟ್ಟೇ ಸಹಾಯ ಮಾಡಬೇಕು ಅನ್ನುವವರು ಸರ್ಕಾರಿ ಆಸ್ಪತ್ರೆಗಳ ಸಮಾಜ ಕಾರ್ಯಕರ್ತರನ್ನು ಹೋಗಿ ಕೇಳಿ. ಹೊರಊರಿನಿಂದ ಬಂದವರಿಗೆ ಊಟ, ಉಳಿಯುವ ಜಾಗ, ಬಸ್ ಚಾರ್ಜು, ಏನು ಬೇಕಾಗಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಲೆಕ್ಕದ ಪುಸ್ತಕ ಮಳಿಗೆ ಹಾಕಿದ ಕಡೆಯೆಲ್ಲ ಮೇಜಿನ ಮೇಲೇ ಇರುತ್ತದೆ. ತೆಗೆದು ನೋಡಬಹುದು.

ಇದು ನಿಜವಾಗಿ ಕೈಯಲ್ಲಿ ಹಾಕಿದ್ದು ಅಂತ ಹೇಗೆ ನಂಬುವುದು?

ಬಟ್ಟೆ ತಿರುಗಿಸಿ ನೋಡಿ. ಈಗ ಮಾರುಕಟ್ಟೆಯಲ್ಲಿ ಕಸೂತಿ ಚಿತ್ರ ಅಚ್ಚು ಹಾಕಿದ ಸೀರೆ ಸಿಗುತ್ತದೆ, ಅದರ ಹಿಂಬದಿ ಮಸುಕಾಗಿರುತ್ತದೆ, ದಾರವೇ ಇರುವುದಿಲ್ಲ. ಮಷಿನ್ ಕಸೂತಿಯ ಹಿಂದೆ ಬಾಬಿನ್ ದಾರ, ಅಂದರೆ ಮಷಿನ್‌ನ ಕೆಳಗಿನಿಂದ ಬರುವ ದಾರ, ಸಾಮಾನ್ಯವಾಗಿ ಬೇರೆ ಬಣ್ಣದ್ದು ಕಾಣುತ್ತದೆ. ಎಷ್ಟೋ ಸಲ ಕಾಗದದಂಥ ತೆಳು ಪದರ ಅಂಟಿಕೊಂಡಿರುತ್ತದೆ. ಬೆರಳಿಗೆ ಗರಗರ ಅನ್ನುತ್ತದೆ. ಕೈಕಸೂತಿಯ ಗವಂತಿ ಗೆರೆ ಎರಡೂ ಕಡೆ ಒಂದೇ. ಮಷಿನ್‌ದು ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಮಷಿನ್‌ದನ್ನು ಕೈಯದು ಅಂತ ಹೇಳಿ ಕೈಯ ಬೆಲೆಗೆ ಮಾರುವುದು ಮಾತ್ರ ತಪ್ಪು. ಒಂದು ಮೇಳದಲ್ಲಿ ನಮ್ಮ ಪಕ್ಕದ ಮಳಿಗೆಯಲ್ಲೇ ಹಾಗೆ ಮಾರುತ್ತಿದ್ದರು. ಆ ದಿನ ಮನೆಗೆ ಬಂದು ನನಗೆ ಊಟ ಸೇರಲಿಲ್ಲ.

ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಇದೆ. ಇದು ಇಂಥ ಊರಿನ ಕಡೆಯ ಕೆಲಸ ಅಂತ ಸರ್ಕಾರದಲ್ಲಿ ಆಗಿರುವ ನೋಂದಣಿ. ಹಳೆಯ ನಮೂನೆಗಳು ಹೇಗಿರುತ್ತವೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ಸರ್ಕಾರದ ಕರಕುಶಲ ವಸ್ತುಗಳ ಕಾವೇರಿ ಮಳಿಗೆಗೆ ಹೋಗಿ ನೋಡಿ.

ಮದುವೆಗೆ, ಗೃಹಪ್ರವೇಶಕ್ಕೆ ಆರ್ಡರ್ ತೆಗೆದುಕೊಳ್ಳುತ್ತೀರಾ?

ಸೀರೆ, ಖಣ, ದುಪಟ್ಟಾ ಆದರೆ ತೆಗೆದುಕೊಳ್ಳುತ್ತೇವೆ. ಸೆರಗಿನ ತುಂಬ ಕೆಲಸ ಬೇಕಿದ್ದರೆ ಮೂರು ತಿಂಗಳು ಮೊದಲು ಹೇಳಬೇಕು. ಇಳಕಲ್ ಸೀರೆ ನೀವೇ ತಂದುಕೊಡಬಹುದು. ಎಳೆ ಸ್ಪಷ್ಟವಾಗಿ ಕಾಣುವ ಬಟ್ಟೆ ಆಗಿರಬೇಕು. ಜಾರ್ಜೆಟ್, ಶಿಫಾನ್ ಮೇಲೆ ಎಣಿಸಲು ಆಗುವುದಿಲ್ಲ.

ತಾಂಬೂಲದ ಚೀಲ ಇನ್ನೂರು, ಮುನ್ನೂರು ಬೇಕು ಅಂತ ತುಂಬ ಜನ ಕೇಳುತ್ತಾರೆ. ಅಷ್ಟು ಆಗುವುದಿಲ್ಲ. ಆರು ಜನರ ಕೈ ಅಷ್ಟೇ ಇರುವುದು. ನಲವತ್ತರ ತನಕ ಮಾಡಿಕೊಡಬಹುದು, ಒಂದು ಮೂಲೆಯಲ್ಲಿ ಸಣ್ಣ ಚಿಕ್ಕಿಯೋ ಕಮಲವೋ ಹಾಕಿ. ದಸರಾದಿಂದ ದೀಪಾವಳಿ ತನಕ ಹೊಸ ಆರ್ಡರ್ ಇಲ್ಲ.

ಕಂಪನಿಯಿಂದ ಒಟ್ಟಿಗೆ ಕುಲಾವಿ ಮಾಡಿಸಿ ಕೊಡಬಹುದಾ?

ಖಂಡಿತ. ಆದರೆ ಕುಲಾವಿಯ ಮೇಲೆ ಕಂಪನಿಯ ಗುರುತು ಹಾಕುವುದಿಲ್ಲ. ಮಗುವಿನ ಹಣೆ ಜಾಹೀರಾತಿನ ಜಾಗ ಅಲ್ಲ. ನಿಮ್ಮ ಆಫೀಸಿನವರಿಗೆ ಉಡುಗೊರೆ ಕೊಡಲು ಚೀಲ ಕೊಳ್ಳಿ, ಅದರಲ್ಲಿ ಬೇಕಾದರೆ ಒಳಗಡೆ ಹೆಸರಿನ ಪಟ್ಟಿ ಹಾಕಿಕೊಡುತ್ತೇವೆ.

ಹಳೆಯ ಹತ್ತಿ ಸೀರೆ ಕೊಟ್ಟರೆ ಉಪಯೋಗಕ್ಕೆ ಬರುತ್ತದೆಯೇ?

ಕುಲಾವಿಗೆ ಬರುವುದಿಲ್ಲ. ಮೊದಲೆಲ್ಲ ಅಜ್ಜಿಯ ಮೆತ್ತನೆ ಸೀರೆಯಲ್ಲೇ ಮಗುವಿನ ಮೊದಲ ಬಟ್ಟೆ ಹೊಲಿಯುತ್ತಿದ್ದರು, ನಿಜ. ಆದರೆ ಕೀಮೋ ತೆಗೆದುಕೊಳ್ಳುವ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ಅದಕ್ಕೆ ಹೊಸ ಕೈಮಗ್ಗದ ಹತ್ತಿ ಬಟ್ಟೆಯನ್ನೇ ತಂದು, ಬಿಸಿನೀರಿನಲ್ಲಿ ಎರಡು ಸಲ ಒಗೆದು, ಮೆತ್ತಗಾದ ಮೇಲೆ ಎಳೆ ಎಣಿಸುತ್ತೇವೆ. ಹೊಲಿದ ಮೇಲೆ ಮತ್ತೆ ಒಗೆದು, ಇಸ್ತ್ರಿ ಮಾಡಿ, ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಕೊಡುತ್ತೇವೆ. ಮಣಿ, ಕನ್ನಡಿ, ಜರಿ, ಗುಂಡಿ, ಯಾವುದೂ ಇರುವುದಿಲ್ಲ.

ಚೀಲದ ಒಳವಸ್ತ್ರಕ್ಕೆ ಹಳೆಯ ಸೀರೆ ಬೇಕು. ಹರಿದಿದ್ದರೂ ಪರವಾಗಿಲ್ಲ, ಒಗೆದು ಕೊಡಿ.

ದಾರದ ಬಣ್ಣ ಬಿಡುತ್ತದೆಯೇ?

ಬಿಡುವುದಿಲ್ಲ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ನಾನೇ ಒಮ್ಮೆ ಮಾಡಿದ ತಪ್ಪು. ಎರಡನೇ ವರ್ಷ ದುಡ್ಡು ಉಳಿಯಲಿ ಅಂತ ತೂಕದ ಲೆಕ್ಕದಲ್ಲಿ ಸಿಗುವ ಕೆಂಪು ದಾರ ತಂದೆ. ಹನ್ನೊಂದು ಕುಲಾವಿ ಮುಗಿಸಿ, ಕೊಡುವ ಹಿಂದಿನ ದಿನ ಒಗೆದರೆ ಬಿಳಿ ಬಟ್ಟೆಯೆಲ್ಲ ಗುಲಾಬಿ ಕಲೆ. ಆ ಬಣ್ಣ ಮಗುವಿನ ಬೆವರಿಗೆ ಕರಗಿ ತಲೆಗೆ ಇಳಿದಿದ್ದರೆ? ಹನ್ನೊಂದನ್ನೂ ತೆಗೆದಿಟ್ಟೆವು, ಯಾರಿಗೂ ಕೊಡಲಿಲ್ಲ. ಅದನ್ನು ಹಾಕಿದವರಿಗೆ ಕೂಲಿ ಕೊಟ್ಟೆ, ತಪ್ಪು ಅವರದಲ್ಲವಲ್ಲ.

ಈಗ ಹೊಸ ದಾರ ಬಂದ ಕೂಡಲೇ ಒಂದು ಗೇಣು ಕತ್ತರಿಸಿ, ಬಿಳಿ ಬಟ್ಟೆ ಚೂರಿನಲ್ಲಿ ಸುತ್ತಿ, ಹತ್ತು ನಿಮಿಷ ಕುದಿಸಿ ನೋಡುತ್ತೇವೆ. ಬಟ್ಟೆ ಬಿಳಿಯಾಗೇ ಉಳಿದರೆ ಮಾತ್ರ ಆ ದಾರ ಬಳಸುತ್ತೇವೆ. ಬಳಸುವುದು ಆರು ಎಳೆಯ ಹತ್ತಿ ದಾರ, ಎಂಟು ಮೀಟರಿನ ಲಡಿ. ಅದರಲ್ಲಿ ಎರಡು ಎಳೆ ಬಿಡಿಸಿಕೊಂಡು ಹಾಕುತ್ತೇವೆ.

ಮನೆಯಲ್ಲಿ ಹೇಗೆ ಒಗೆಯಬೇಕು?

ಚೀಲ, ದುಪಟ್ಟಾ ತಣ್ಣೀರಿನಲ್ಲಿ, ಕೈಯಲ್ಲಿ. ಬ್ರಷ್ ಹಾಕಬೇಡಿ. ನೆರಳಿನಲ್ಲಿ ಒಣಗಿಸಿ. ಇಸ್ತ್ರಿ ಮಾಡುವಾಗ ಟವೆಲ್ ಹಾಸಿ, ಕಸೂತಿ ಕೆಳಗೆ ಮುಖ ಮಾಡಿ, ಹಿಂದಿನಿಂದ ಇಸ್ತ್ರಿ ಮಾಡಿ. ಕುಲಾವಿಯನ್ನು ಬಿಸಿನೀರಿನಲ್ಲೇ ಒಗೆಯಬಹುದು, ಅದಕ್ಕೆಂದೇ ಮಾಡಿದ್ದು.

ಕಲಿಯಲು ಬರಬಹುದಾ? ಸಾಮಾನು ಎಲ್ಲಿ ಸಿಗುತ್ತದೆ?

ಬನ್ನಿ. ಶನಿವಾರ ಮಧ್ಯಾಹ್ನ ಎರಡರಿಂದ ಐದರ ತನಕ ಕೂರುತ್ತೇವೆ. ಕಲಿಸಲು ದುಡ್ಡಿಲ್ಲ. ಹತ್ತು ವರ್ಷದ ಮಕ್ಕಳಿಂದ ಹಿಡಿದು ಎಪ್ಪತ್ತರ ಅಜ್ಜಿಯ ತನಕ ಬಂದಿದ್ದಾರೆ. ಗಂಡಸರೂ ಬರಬಹುದು. ಒಬ್ಬ ರಿಟೈರ್ಡ್ ಮೇಷ್ಟ್ರು ಬಂದು ಕಲಿತು, ಈಗ ನಮಗಿಂತ ನೇರವಾಗಿ ಗೆರೆ ಹಾಕುತ್ತಾರೆ.

ಮೊದಲಿಗೆ ಮ್ಯಾಟಿ ಬಟ್ಟೆ ಅರ್ಧ ಮೀಟರ್, 24ನೇ ನಂಬರಿನ ಮೊಂಡು ತುದಿಯ ಸೂಜಿ, ಎರಡು ಬಣ್ಣದ ದಾರ, ಸಣ್ಣ ಕತ್ತರಿ ಸಾಕು. ಮ್ಯಾಟಿಯಲ್ಲಿ ನೇಯ್ಗೆ ಚೌಕ ಚೌಕವಾಗಿ ಕಾಣುವುದರಿಂದ ಎಣಿಸುವುದು ಸುಲಭ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಮಾಮೂಲ್‌ಪೇಟೆ ಕಡೆ ನಡೆದರೆ ದಾರ, ಸೂಜಿ, ಲೇಸಿನ ಅಂಗಡಿಗಳ ಸಾಲೇ ಇದೆ. ಮಲ್ಲೇಶ್ವರ 8ನೇ ಕ್ರಾಸಿನಲ್ಲೂ ಹುಡುಕಬಹುದು. ಬಟ್ಟೆ ಬಿಗಿ ಹಿಡಿಯುವ ರಿಂಗು ಬೇಡ, ಕೈಯಲ್ಲೇ ಹಿಡಿದು ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ಕಪ್ಪು ಬಟ್ಟೆಗೆ ಅವಸರ ಮಾಡಬೇಡಿ. ಕಪ್ಪಿನಲ್ಲಿ ಎಳೆ ಕಾಣುವುದಿಲ್ಲ. ಹಾಕಲೇಬೇಕು ಅಂದರೆ ಹಗಲಲ್ಲಿ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಿ. ಕೆಳಗಿನ ಬಿಳಿ ತೂತುಗಳಲ್ಲಿ ಇಣುಕುತ್ತದೆ, ಎಣಿಸಲು ಆಗುತ್ತದೆ.

ಕಲಿತ ಕೂಡಲೇ ಕುಲಾವಿ ಕೊಡುವುದಿಲ್ಲ. ಮೊದಲು ಗವಂತಿಯಲ್ಲಿ ಒಂದು ಸಣ್ಣ ಗೋಪುರ ಹಾಕಿ ತನ್ನಿ. ತಿರುಗಿಸಿ ನೋಡುತ್ತೇನೆ.

ನಾನೇ ಬಂದು ಮಕ್ಕಳ ಕೈಗೆ ಕೊಡಬಹುದಾ? ಫೋಟೋ ಕಳಿಸುತ್ತೀರಾ?

ಎರಡೂ ಇಲ್ಲ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಹೊರಗಿನವರು ವಾರ್ಡಿಗೆ ಹೋದರೆ ಮಕ್ಕಳಿಗೆ ನೆಗಡಿ, ಜ್ವರ ಅಂಟುವ ಭಯ. ನಾನೂ ಒಳಗೆ ಹೋಗುವುದಿಲ್ಲ. ಸಿಸ್ಟರುಗಳ ಕೈಗೆ ಕೊಟ್ಟು ಬರುತ್ತೇನೆ. ಫೋಟೋ ವಿಷಯ, ಕೂದಲು ಹೋದ ದಿನಗಳಲ್ಲಿ ನನ್ನ ತಂಗಿಯ ಮಗ ಕನ್ನಡಿಗೆ ಟವೆಲ್ ಹಾಕಿಸಿದ್ದ. ಅಂಥ ಹೊತ್ತಿನ ಮುಖವನ್ನು ನಾವು ಯಾರಿಗೂ ತೋರಿಸುವುದಿಲ್ಲ. ಕುಲಾವಿಯ ಫೋಟೋ ಬೇಕಿದ್ದರೆ ಕಳಿಸುತ್ತೇನೆ, ಎರಡೂ ಬದಿಯದು.

ಚಿಕಿತ್ಸೆಯಲ್ಲಿರುವ ಮಗು ನಮ್ಮ ಮನೆಯಲ್ಲೇ ಇದೆ. ನಾವು ಹೇಗೆ ಕೇಳುವುದು?

ಒಂದು ಮೆಸೇಜ್ ಹಾಕಿದರೆ ಸಾಕು. ದುಡ್ಡು ಬೇಡ, ಆಸ್ಪತ್ರೆಯ ಕಾಗದ ಬೇಡ, ಯಾವ ಕಾಯಿಲೆ ಅಂತಲೂ ಹೇಳಬೇಕಿಲ್ಲ. ಬೆಂಗಳೂರಿನ ಹೊರಗಾದರೆ ಪೋಸ್ಟಿನಲ್ಲಿ ಕಳಿಸುತ್ತೇವೆ. ಟೇಪು ಇಲ್ಲದಿದ್ದರೆ ದಾರ ತೆಗೆದುಕೊಂಡು, ಹುಬ್ಬಿನ ಮೇಲಿಂದ ಕಿವಿಯ ಮೇಲ್ಗಡೆಯಾಗಿ ತಲೆಯ ಸುತ್ತ ಒಂದು ಸುತ್ತು ಹಿಡಿದು, ಆಮೇಲೆ ಸ್ಕೇಲಿನಲ್ಲಿ ಅಳೆಯಿರಿ. ಬಿಗಿ ಹಿಡಿಯಬೇಡಿ. ಹತ್ತರಿಂದ ಹನ್ನೆರಡು ದಿನ ಸಮಯ ಕೊಡಿ. ಕೂದಲು ಉದುರುವ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು, ಬೇಕಾದ ದಿನಕ್ಕೆ ಕೈಯಲ್ಲಿರುತ್ತದೆ. ಅಳತೆಯ ಜೊತೆ ಮಗುವಿಗೆ ಏನಿಷ್ಟ ಅಂತ ಮಗುವನ್ನೇ ಕೇಳಿ ಬರೆಯಿರಿ. ರೈಲು, ಬೆಕ್ಕು, ಮಾವಿನಕಾಯಿ, ಏನೇ ಆಗಲಿ. ಚೌಕ ಹಾಳೆಯ ಪುಸ್ತಕದಲ್ಲಿ ಇನ್ನೂ ಬೇಕಾದಷ್ಟು ಹಾಳೆ ಖಾಲಿ ಇವೆ.